ಚುಕ್ಕಿ ಉದುರಿದ ರಾತ್ರಿ, ಮರುದಿನದ ಬೆಳಗು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಈ ಗೋಷ್ಠಿಯಲ್ಲಿ ಪ್ರತಿ ತಿಂಗಳು ವಚನ ಬಲ್ಲವರು ಮಾತಾಡುತ್ತಾರೆ. ನಾನು ಅಷ್ಟು ಓದಿಕೊಂಡವನಲ್ಲ. 35 ವರ್ಷ ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಸೇತುವೆ ಎಂದು ತಿರುಗಿ ನಿವೃತ್ತನಾದವನು. ಕ್ಯಾಂಪುಗಳಲ್ಲಿ ವಿದ್ಯುತ್ ಇಲ್ಲದ ರಾತ್ರಿಗಳು ಬಹಳ ಸಿಕ್ಕವು. ಆಗ ಆಕಾಶ ನೋಡುವ ಹುಚ್ಚು ಹತ್ತಿತು. ಪೂಜ್ಯರಿಗೆ ಅದು ಗೊತ್ತು. "ನವೆಂಬರ್ ಬರುತ್ತಿದೆ, ಉಲ್ಕೆಗಳ ಬಗ್ಗೆ ಹೇಳಿ. ನಮ್ಮ ಜನಕ್ಕೆ ಆಕಾಶದ ಭಯ ಇನ್ನೂ ಹೋಗಿಲ್ಲ" ಎಂದು ಅಪ್ಪಣೆ ಮಾಡಿದರು.

ಆ ಭಯದಿಂದಲೇ ಶುರು ಮಾಡುತ್ತೇನೆ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಚುಕ್ಕಿ ಉದುರಿದ್ದು ಕಂಡರೆ ಹಿರಿಯರು ಏನೆನ್ನುತ್ತಿದ್ದರು? ಎಲ್ಲೋ ಯಾರೋ ದೊಡ್ಡವರು ತೀರಿಕೊಂಡರು ಎನ್ನುತ್ತಿದ್ದರು. ಬೆರಳು ಮಾಡಿ ತೋರಿಸಬೇಡ ಎಂದು ಗದರುತ್ತಿದ್ದರು. ಒಂದು ಚುಕ್ಕಿಗೆ ಒಂದು ಜೀವ. ಸರಿ, ಒಂದೇ ರಾತ್ರಿ ಲಕ್ಷ ಚುಕ್ಕಿ ಉದುರಿದರೆ? ಹಾಗೆ ಉದುರಿದ್ದುಂಟು. ಅದು ನಡೆದದ್ದು ನಮ್ಮ ನಾಡಿನಲ್ಲಲ್ಲ, ಅಮೆರಿಕದಲ್ಲಿ. ಆ ರಾತ್ರಿಯ ಕಥೆಯಲ್ಲಿ ನಮಗೆ ಸಂಬಂಧಪಟ್ಟದ್ದು ಬಹಳ ಇದೆ.

1833ರ ನವೆಂಬರ್ 12 ಮತ್ತು 13ರ ನಡುವಿನ ರಾತ್ರಿ. ಉತ್ತರ ಅಮೆರಿಕದ ಪೂರ್ವಭಾಗದ ಮೇಲೆಲ್ಲ ಆಕಾಶ ಸುರಿಯತೊಡಗಿತು. ಸಾಮಾನ್ಯ ರಾತ್ರಿ ಕತ್ತಲಲ್ಲಿ ಗಂಟೆಗೆ ಐದೋ ಹತ್ತೋ ಉಲ್ಕೆ ಕಾಣಬಹುದು. ಆ ರಾತ್ರಿ ಗಂಟೆಗೆ 50,000 ಎನ್ನುವವರಿದ್ದಾರೆ, 1,50,000 ಎನ್ನುವವರೂ ಇದ್ದಾರೆ. ಎಣಿಸುವುದು ಸಾಧ್ಯವೇ ಇರಲಿಲ್ಲ, ಎಲ್ಲವೂ ಅಂದಾಜು. ನೋಡಿದವರು ಹಿಮ ಬೀಳುವುದಕ್ಕೆ ಹೋಲಿಸಿದರು. ನಾವು ಮಳೆಯ ನಾಡಿನವರು, ಬಿರುಮಳೆಯ ಹನಿಗಳಿಗೆ ಬೆಂಕಿ ಹತ್ತಿದಂತೆ ಎಂದುಕೊಳ್ಳಬಹುದು. ಕೆಲವು ಬೆಳಕಿನುಂಡೆಗಳು ಎಷ್ಟು ಪ್ರಖರವಾಗಿದ್ದವೆಂದರೆ ಮಲಗಿದ್ದವರು ಕಿಟಕಿಯ ಬೆಳಕಿಗೆ ಎದ್ದು, ಮನೆಗೆ ಬೆಂಕಿ ಬಿತ್ತೆಂದು ಹೊರಗೆ ಓಡಿ ಬಂದರು. ಇಷ್ಟೆಲ್ಲ ಆದರೂ ಸದ್ದಿಲ್ಲ. ಗುಡುಗಿಲ್ಲ, ಗಾಳಿಯಿಲ್ಲ, ನೆಲಕ್ಕೆ ಬಂದು ಬಿದ್ದದ್ದೂ ಏನೂ ಇಲ್ಲ. ಜನರನ್ನು ಹೆಚ್ಚು ಹೆದರಿಸಿದ್ದು ಆ ಮೌನವೇ ಇರಬೇಕು ಎಂದು ನನಗನ್ನಿಸುತ್ತದೆ.

ಬೈಬಲ್ ಓದಿಕೊಂಡ ಜನ ಅವರು. ಲೋಕದ ಕೊನೆಯ ದಿನಗಳಲ್ಲಿ ಆಕಾಶದಿಂದ ನಕ್ಷತ್ರಗಳು ಬೀಳುತ್ತವೆ ಎಂದು ಅದರಲ್ಲಿದೆ. ಮೊಣಕಾಲೂರಿ ಪ್ರಾರ್ಥನೆಗಿಳಿದರು. ಆ ಕಾಲದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕ, ಕ್ರಿಸ್ತ ಮರಳಿ ಬರುವ ಕಾಲ ಹತ್ತಿರವಾಯಿತು ಎಂದು ಲೆಕ್ಕ ಹಾಕಿ ಹೇಳುತ್ತಿದ್ದ. ಅವನ ಅನುಯಾಯಿಗಳಿಗೆ ಈ ಮಳೆ ದೊಡ್ಡ ಸಾಕ್ಷಿಯಾಯಿತು. ಕೊನೆಗೆ ಅವರು ನಂಬಿ ಕಾದ ದಿನ 1844ರ ಅಕ್ಟೋಬರ್ 22. ಆ ದಿನ ಏನೂ ಆಗಲಿಲ್ಲ. ಇತ್ತ ಮಿಸ್ಸೂರಿ ಸೀಮೆಯಲ್ಲಿ ಮಾರ್ಮನ್ ಪಂಥದವರನ್ನು ಅದೇ ವಾರ ಮನೆಮಾರು ಬಿಡಿಸಿ ಓಡಿಸಿದ್ದರು. ನದಿಯ ದಂಡೆಯಲ್ಲಿ ಚಳಿಯಲ್ಲಿ ಬಿದ್ದಿದ್ದ ಅವರಿಗೆ ಅದೇ ಮಳೆ ದೇವರು ತಮ್ಮ ಕೈಬಿಟ್ಟಿಲ್ಲ ಎಂಬ ಅಭಯವಾಗಿ ಕಂಡಿತು. ಬಯಲು ಸೀಮೆಯ ಲಕೋಟ ಎಂಬ ಮೂಲನಿವಾಸಿಗಳು ಪ್ರತಿ ವರ್ಷಕ್ಕೊಂದು ಚಿತ್ರವನ್ನು ಕಾಡೆಮ್ಮೆಯ ಚರ್ಮದ ಮೇಲೆ ಬರೆದಿಡುತ್ತಿದ್ದರು. ಬೇರೆ ಬೇರೆ ಗುಂಪುಗಳು ಇಟ್ಟ ಆ ದಾಖಲೆಗಳಲ್ಲಿ ಒಂದು ವರ್ಷ ಮಾತ್ರ ಹೆಚ್ಚುಕಡಿಮೆ ಎಲ್ಲರದೂ ಒಂದೇ: ಚುಕ್ಕಿಗಳು ಬಿದ್ದ ವರ್ಷ. ಮುಂದೆ ಸಂಶೋಧಕರು ಆ ಚಿತ್ರವನ್ನೇ ಗೂಟವಾಗಿ ಹಿಡಿದು ಉಳಿದ ವರ್ಷಗಳನ್ನು ಎಣಿಸಿದರು. ಸರ್ವೆ ಮಾಡುವವರು ಬೆಂಚ್ ಮಾರ್ಕ್ ಇಡುತ್ತಾರಲ್ಲ, ಹಾಗೆ.

ಮೂರು ಜನರ ವಿಚಾರ ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲನೆಯವನು ಮೇರಿಲ್ಯಾಂಡ್ ಸೀಮೆಯ ಒಬ್ಬ ಹುಡುಗ. ವಯಸ್ಸು ಸುಮಾರು 15. ಹುಟ್ಟಿನಿಂದ ಗುಲಾಮ. ಬೆಳಗಿನ ಜಾವ ಈ ಬೆಳಕಿನ ಮಳೆ ನೋಡಿ ಬೆರಗಾಗಿ ನಿಂತ. ಮುಂದೆ ತನ್ನ ಆತ್ಮಕಥೆಯಲ್ಲಿ ಅದನ್ನು ನೆನೆಸಿಕೊಂಡಿದ್ದಾನೆ. ಊರೆಲ್ಲ ಲೋಕ ಮುಗಿಯಿತೆಂದು ಅಳುವಾಗ ಇವನಿಗೆ, ದೇವರು ಬರುವುದಾದರೆ ಬರಲಿ, ನನ್ನನ್ನು ಬಿಡಿಸುವವನೇ ಬರುತ್ತಿದ್ದಾನೆ ಎನ್ನಿಸಿತಂತೆ. ನೋಡಿ, ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಪ್ರಳಯವೂ ಭರವಸೆ. ಅವನೇ ಫ್ರೆಡೆರಿಕ್ ಡಗ್ಲಾಸ್. ಆದರೆ ಆಕಾಶದಿಂದ ಯಾರೂ ಇಳಿಯಲಿಲ್ಲ. ಎರಡು ತಿಂಗಳೊಳಗೆ, 1834ರ ಜನವರಿ 1ರಂದು, ಅವನ ಒಡೆಯ ಅವನನ್ನು ಕೋವೀ ಎಂಬ ರೈತನ ಕೈಗೆ ಒಂದು ವರ್ಷದ ಬಾಡಿಗೆಗೆ ಕೊಟ್ಟ. ಎದುರು ನುಡಿಯುವ ಗುಲಾಮರನ್ನು ಹೊಡೆದು ಬಗ್ಗಿಸುವುದರಲ್ಲಿ ಆ ರೈತ ಹೆಸರಾದವನು. ಕರು ಪಳಗಿಸಲು ಒಯ್ದು ಬಿಡುವಂತೆ ಹುಡುಗನನ್ನು ಒಯ್ದು ಬಿಟ್ಟರು. ತಿಂಗಳುಗಟ್ಟಲೆ ಏಟು ತಿಂದು, ಒಂದು ದಿನ ಅವನು ತಿರುಗಿ ನಿಂತು ಕೋವೀಯ ಕುತ್ತಿಗೆ ಹಿಡಿದ. ನಾನು ಮನುಷ್ಯನಾದದ್ದು ಅಂದು ಎಂಬ ಅರ್ಥದಲ್ಲಿ ಬರೆದುಕೊಂಡಿದ್ದಾನೆ. 1838ರಲ್ಲಿ ತಪ್ಪಿಸಿಕೊಂಡು ಸ್ವತಂತ್ರನಾದ. ಆಮೇಲೆ ಅವನ ಮಾತಿಗೆ ಅಮೆರಿಕವೇ ಅಲುಗಾಡಿತು.

ಎರಡನೆಯವನು ಅಬ್ರಹಾಂ ಲಿಂಕನ್. ಆಗ ಇಪ್ಪತ್ತರ ಹರೆಯ, ಇಲಿನಾಯ್ಸ್ ಸೀಮೆಯಲ್ಲಿ ಚರ್ಚಿನ ಹಿರಿಯನೊಬ್ಬನ ಮನೆಯಲ್ಲಿ ವಸತಿ. ಆ ಹಿರಿಯ ಬಾಗಿಲು ಬಡಿದು, ಏಳು ಅಬ್ರಹಾಂ, ತೀರ್ಪಿನ ದಿನ ಬಂತು ಎಂದು ಕೂಗಿದ. ಲಿಂಕನ್ ಕಿಟಕಿಯಿಂದ ನೋಡಿದ. ಚುಕ್ಕಿಗಳು ಸುರಿಯುತ್ತಿದ್ದದ್ದು ನಿಜ. ಆದರೆ ಆ ಮಳೆಯ ಹಿಂದೆ ತನಗೆ ಗುರುತಿದ್ದ ಹಳೆಯ ನಕ್ಷತ್ರಪುಂಜಗಳೆಲ್ಲ ಇದ್ದಲ್ಲೇ ಇದ್ದವು. ಮುಂದೆ ಅಧ್ಯಕ್ಷನಾಗಿ, ಅಂತರ್ಯುದ್ಧದ ಕಷ್ಟದಲ್ಲಿ, ದೇಶ ಉಳಿಯುತ್ತದೆಯೇ ಎಂದು ಕೇಳಲು ಬಂದ ಬ್ಯಾಂಕಿನವರಿಗೆ ಅವನು ಇದೇ ಪ್ರಸಂಗ ಹೇಳಿದನೆಂದು ಕವಿ ವಾಲ್ಟ್ ವಿಟ್ಮನ್ ಬರೆದಿಟ್ಟಿದ್ದಾನೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಧೈರ್ಯಕ್ಕಿಂತ ಪರಿಚಯ. ಅವನಿಗೆ ಚುಕ್ಕಿಗಳ ಮುಖ ಗೊತ್ತಿತ್ತು. ಯಾವುದು ಎಲ್ಲಿರಬೇಕು ಎಂಬುದು ಗೊತ್ತಿದ್ದರಿಂದ, ಯಾವುದೂ ಕಾಣೆಯಾಗಿಲ್ಲ ಎಂಬುದು ತಿಳಿಯಿತು. ಗೊತ್ತಿಲ್ಲದವನಿಗೆ ಬಿದ್ದದ್ದೆಲ್ಲ ನಕ್ಷತ್ರ.

ಮೂರನೆಯದು ಟೆನೆಸಿ ಸೀಮೆಯ ಒಂದು ಕಪ್ಪು ಕುಟುಂಬದಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ. ಅವರ ಪೂರ್ವಜೆ ಆ ರಾತ್ರಿ ತೋಟದ ಮನೆಯಲ್ಲಿ ಗುಲಾಮಳಾಗಿದ್ದ ಹೆಣ್ಣುಮಗಳು. ಆಕಾಶ ಸುರಿಯುವುದನ್ನು ಕಂಡ ಒಡೆಯ ನಡುಗಿಹೋದ. ತೀರ್ಪಿನ ದಿನ ಬಂತೆಂದು ನಂಬಿ ತನ್ನ ಗುಲಾಮರನ್ನೆಲ್ಲ ಕರೆಸಿದ. ನಿನ್ನ ತಾಯಿಯನ್ನು ಇಂಥವನಿಗೆ ಮಾರಿದೆ, ನಿನ್ನ ತಂದೆ ಇಂಥ ಊರಿನಲ್ಲಿದ್ದಾನೆ ಎಂದು ಒಬ್ಬೊಬ್ಬರಿಗೂ ಹೇಳತೊಡಗಿದ. ಅಲ್ಲಿಯವರೆಗೆ ಆ ಜನಕ್ಕೆ ತಮ್ಮ ಹೆತ್ತವರು ಎಲ್ಲಿ ಹೋದರೆಂಬುದೇ ಗೊತ್ತಿರಲಿಲ್ಲ. ಕೇಳುವ ಹಕ್ಕೂ ಇರಲಿಲ್ಲ. ಜೀವಭಯ ಬಂದಾಗ ಆ ಲೆಕ್ಕದ ಪುಸ್ತಕ ತಾನಾಗಿ ತೆರೆಯಿತು.

ಬೆಳಗಾಯಿತು. ಸೂರ್ಯ ಎಂದಿನಂತೆ ಹುಟ್ಟಿದ. ಒಡೆಯ ಒಡೆಯನಾಗಿಯೇ ಉಳಿದ, ಗುಲಾಮರು ಹೊಲಕ್ಕೆ ನಡೆದರು. ಆ ದೇಶದಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋಗಲು ಇನ್ನೂ 32 ವರ್ಷ ಹಿಡಿಯಿತು. ಈ ಒಡೆಯನ ವಿಚಾರಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ. ನಡುವೆ ಆ ರಾತ್ರಿ ಬೀಳುತ್ತಿದ್ದದ್ದು ಏನು ಎಂದು ಹೇಳಿಬಿಡುತ್ತೇನೆ. ವಿದ್ಯಾರ್ಥಿಗಳು ಆಕಳಿಸುವುದಕ್ಕೆ ಮೊದಲು.

ಅದೇ ಬೆಳಗಿನ ಜಾವ ನ್ಯೂ ಹೇವನ್ ಊರಿನಲ್ಲಿ ಯೇಲ್ ಕಾಲೇಜಿನ ಪ್ರಾಧ್ಯಾಪಕ ಡೆನಿಸನ್ ಓಮ್‌ಸ್ಟೆಡ್‌ನನ್ನು ನೆರೆಯವರು ಎಬ್ಬಿಸಿದರು. ಅವನೂ ನೋಡಿದ, ಬೆರಗಾದ. ಆಮೇಲೆ ಅವನು ಮಾಡಿದ ಕೆಲಸ ಬಹಳ ಸಾದಾ. ಊರಿನ ಪತ್ರಿಕೆಗೆ ಕಾಗದ ಬರೆದು, ನೀವು ಏನು ಕಂಡಿರಿ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ, ತಿಳಿಸಿ ಎಂದು ಕೇಳಿದ. ಬೇರೆ ಊರಿನ ಪತ್ರಿಕೆಗಳೂ ಅದನ್ನು ಅಚ್ಚು ಮಾಡಿದವು. ರೈತರು, ನಾವಿಕರು, ಶಿಕ್ಷಕರು ಬರೆದರು. ಎಲ್ಲ ಕೂಡಿಸಿ ನೋಡಿದಾಗ ಒಂದು ವಿಷಯ ಎದ್ದು ಕಂಡಿತು. ಎಲ್ಲೇ ನಿಂತು ನೋಡಿದರೂ ಉಲ್ಕೆಗಳೆಲ್ಲ ಆಕಾಶದ ಒಂದೇ ಜಾಗದಿಂದ ಚಿಮ್ಮಿದಂತೆ ಕಂಡಿದ್ದವು. ಆ ಜಾಗ ಸಿಂಹ ರಾಶಿಯಲ್ಲಿತ್ತು. ಅಲ್ಲಿ ಕುಡುಗೋಲಿನ ಆಕಾರದಲ್ಲಿ ಕೆಲವು ಚುಕ್ಕಿಗಳಿವೆ, ಹಿಡಿಯ ತುದಿಯಲ್ಲಿ ಮಘಾ ನಕ್ಷತ್ರ. ಶ್ರಾವಣದ ಆಸುಪಾಸಿನ ಮಘೆ ಮಳೆ ನಮ್ಮ ರೈತರಿಗೆ ಗೊತ್ತು. ಇದು ಮಘೆಯ ಇನ್ನೊಂದು ಮಳೆ.

ಹತ್ತಾರು ಸಾವಿರ ಕಣಗಳು ಒಂದೇ ಬಿಂದುವಿನಿಂದ ಯಾಕೆ ಹೊರಡಬೇಕು? ಹೊರಡುವುದಿಲ್ಲ, ಹಾಗೆ ಕಾಣುತ್ತದೆ. ರೈಲು ಹಳಿಯ ನಡುವೆ ನಿಂತು ದೂರಕ್ಕೆ ನೋಡಿ, ಎರಡೂ ಹಳಿ ಒಂದು ಬಿಂದುವಿನಲ್ಲಿ ಕೂಡಿದಂತೆ ಕಾಣುತ್ತವೆ. ನೇರ ಕಾಲುವೆಯ ಏರಿಯ ಮೇಲೆ ನಿಂತರೂ ಅಷ್ಟೆ. ಅಂದರೆ ಈ ಕಣಗಳು ಸಮಾನಾಂತರವಾಗಿ, ಒಂದೇ ದಿಕ್ಕಿನಿಂದ, ದೊಡ್ಡ ಗುಂಪಾಗಿ ಬರುತ್ತಿವೆ ಎಂದಾಯಿತು. ಇನ್ನೊಂದು ಮಾತು. ರಾತ್ರಿ ಕಳೆದಂತೆ ಸಿಂಹ ರಾಶಿ ಮೇಲೇರುತ್ತದೆ. ಆ ಚಿಮ್ಮುವ ಬಿಂದುವೂ ಅದರ ಜೊತೆಗೇ ಏರಿತ್ತು. ಅದು ನಮ್ಮ ಗಾಳಿಯಲ್ಲೇ ಹುಟ್ಟಿದ್ದಾಗಿದ್ದರೆ ಭೂಮಿಯ ಜೊತೆ ತಿರುಗಬೇಕಿತ್ತು. ನಕ್ಷತ್ರಗಳ ಜೊತೆ ಸಾಗಿತು ಎಂದರೆ ಅದರ ಮೂಲ ಭೂಮಿಯ ಆಚೆಗಿದೆ. ಉಲ್ಕೆ ಎಂದರೆ ಗಾಳಿಯಲ್ಲಿ ಹೊತ್ತಿಕೊಳ್ಳುವ ಆವಿ ಎಂದು ಅರಿಸ್ಟಾಟಲನ ಕಾಲದಿಂದ ನಂಬಿದ್ದ ಜನಕ್ಕೆ ಇದು ದೊಡ್ಡ ತಿರುವು. ಯಂತ್ರವಿಲ್ಲ, ದೂರದರ್ಶಕವಿಲ್ಲ. ನೂರಾರು ಜನರ ಸಾಮಾನ್ಯ ಕಣ್ಣು, ಅವರ ಪ್ರಾಮಾಣಿಕ ಕಾಗದ. ರೈತನ ಮಾತು, ಪಂಡಿತನ ಮಾತು ಎಂಬ ಭೇದ ಮಾಡದೆ ಎಲ್ಲರ ಅನುಭವವನ್ನೂ ಕೂಡಿಸಿ ಸತ್ಯ ಹುಡುಕಿದರು. ಅನುಭವ ಮಂಟಪ ಗೊತ್ತಿದ್ದ ನಮಗೆ ಇದು ಹೊಸದೆನ್ನಿಸಬಾರದು.

ಆಮೇಲೆ ಹಳೆಯ ಕಡತ ತೆಗೆದವನು ಯೇಲ್ ಕಾಲೇಜಿನವನೇ ಆದ ಹ್ಯೂಬರ್ಟ್ ನ್ಯೂಟನ್. ಸೇಬಿನ ನ್ಯೂಟನ್ ಅಲ್ಲ. 1799ರ ನವೆಂಬರ್ 12ರಂದು ಹಂಬೋಲ್ಟ್ ಎಂಬ ಪ್ರವಾಸಿ ವಿಜ್ಞಾನಿ ವೆನೆಜುವೆಲದ ಕುಮಾನಾ ಊರಿನಲ್ಲಿ ಇಂಥದೇ ಮಳೆ ಕಂಡಿದ್ದ. ಅಲ್ಲಿಯ ಮುದುಕರು 1766ರಲ್ಲೂ ಹೀಗಾಗಿತ್ತು ಎಂದಿದ್ದರು. ನ್ಯೂಟನ್ ಚೀನಾ, ಅರಬ್, ಯುರೋಪಿನ ದಾಖಲೆಗಳನ್ನು ಜಾಲಾಡಿ 902ರವರೆಗೆ ಹಿಂದೆ ಹೋದ. ಆ ವರ್ಷ ಇಟಲಿಯ ದಕ್ಷಿಣದಲ್ಲಿ ದಂಡೆತ್ತಿ ಬಂದಿದ್ದ ಇಬ್ರಾಹಿಂ ಎಂಬ ದೊರೆ ಸತ್ತ. ಅದೇ ದಿನಗಳಲ್ಲಿ ಚುಕ್ಕಿಗಳು ಸುರಿದಿದ್ದರಿಂದ ಜನ ಎರಡನ್ನೂ ಗಂಟು ಹಾಕಿದರು. ನಮ್ಮ ಅಜ್ಜಂದಿರ ಮಾತೇ, ದೊಡ್ಡವರು ಹೋದರು ಎಂದು. ನ್ಯೂಟನ್ ದೊರೆಯನ್ನು ಬದಿಗಿಟ್ಟು ತಾರೀಖು ಮಾತ್ರ ಎತ್ತಿಕೊಂಡ. ಸುಮಾರು 33 ವರ್ಷಕ್ಕೊಮ್ಮೆ ಇದು ಬರುತ್ತದೆ ಎಂದು ತೋರಿಸಿ, 1866ರ ನವೆಂಬರಿನಲ್ಲಿ ಮತ್ತೆ ಬರಬೇಕು ಎಂದು ಮೊದಲೇ ಹೇಳಿದ. ಬಂತು. ಯುರೋಪಿನಲ್ಲಿ ಗಂಟೆಗೆ ಸಾವಿರಾರು ಉಲ್ಕೆ ಕಂಡವು. ಪ್ರಳಯದ ಸೂಚನೆ ಎನ್ನಿಸಿಕೊಂಡದ್ದಕ್ಕೆ ಈಗ ವೇಳಾಪಟ್ಟಿ ಸಿಕ್ಕಿತು.

ಮೂಲವೂ ಸಿಕ್ಕಿತು. ಟೆಂಪಲ್ ಮತ್ತು ಟಟಲ್ ಎಂಬ ಇಬ್ಬರು ಬೇರೆ ಬೇರೆಯಾಗಿ ಕಂಡುಹಿಡಿದ ಒಂದು ಧೂಮಕೇತು, 33 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ. ನಮ್ಮವರು ಬಾಲದ ಚುಕ್ಕಿ ಎನ್ನುತ್ತಾರಲ್ಲ, ಅದು. ಧೂಮಕೇತು ಎಂದರೆ ಮಂಜು ಮತ್ತು ಮಣ್ಣಿನ ಉಂಡೆ. ಸೂರ್ಯನ ಬಿಸಿಗೆ ಮಂಜು ಆವಿಯಾಗಿ ಮಣ್ಣು ದಾರಿಯಲ್ಲಿ ಉದುರುತ್ತದೆ. ಮುಚ್ಚದೆ ಜಲ್ಲಿ ಹೇರಿಕೊಂಡು ಹೋಗುವ ಟಿಪ್ಪರ್ ರಸ್ತೆಯಲ್ಲಿ ಪುಡಿ ಚೆಲ್ಲುತ್ತಾ ಹೋಗುವುದಿಲ್ಲವೇ? ಭೂಮಿ ಪ್ರತಿ ವರ್ಷ ನವೆಂಬರ್ 17ರ ಸುಮಾರಿಗೆ ಆ ರಸ್ತೆಯನ್ನು ದಾಟುತ್ತದೆ. ಪುಡಿ ತೆಳುವಾಗಿದ್ದರೆ ಗಂಟೆಗೆ ಹತ್ತು ಹದಿನೈದು ಉಲ್ಕೆ. ಧೂಮಕೇತು ಹೊಸದಾಗಿ ಚೆಲ್ಲಿದ ದಟ್ಟ ಪಟ್ಟಿಯ ನಡುವೆಯೇ ಹಾದುಹೋದರೆ ಬಿರುಗಾಳಿ.

ಬಹುಪಾಲು ಕಣಗಳು ಮರಳಿನಷ್ಟೇ ದೊಡ್ಡವು. ಅಷ್ಟಕ್ಕೆ ಅಷ್ಟು ಬೆಳಕು ಹೇಗೆ ಎಂದು ಕೇಳಬಹುದು. ವೇಗದಿಂದ. ಧೂಮಕೇತು ನಮಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ಆದ್ದರಿಂದ ಕಣಗಳು ಭೂಮಿಗೆ ಮುಖಾಮುಖಿ ಡಿಕ್ಕಿ ಹೊಡೆಯುತ್ತವೆ, ಸೆಕೆಂಡಿಗೆ 71 ಕಿಲೋಮೀಟರ್ ವೇಗದಲ್ಲಿ. ಒಂದು ಗ್ರಾಂ ತೂಕದ ಕಣದ ಲೆಕ್ಕ ಹಾಕಿ ನೋಡಿದೆ. ಗಂಟೆಗೆ 80 ಕಿಲೋಮೀಟರ್ ಓಡುವ ಹತ್ತು ಟನ್ ಟಿಪ್ಪರಿನಲ್ಲಿ ಎಷ್ಟು ಶಕ್ತಿ ಇರುತ್ತದೋ ಅಷ್ಟು ಆ ಒಂದು ಗ್ರಾಮಿನಲ್ಲಿದೆ. ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲೇ ಅದು ಉರಿದು ಮುಗಿಯುತ್ತದೆ. ನಮ್ಮ ತಲೆಯ ಮೇಲಿನ ಗಾಳಿ ಎಂಥ ಛಾವಣಿ ಎಂಬುದು ಎಂಜಿನಿಯರನಿಗೆ ಇಂಥ ಲೆಕ್ಕದಲ್ಲಿ ತಿಳಿಯುತ್ತದೆ.

ವಿಜ್ಞಾನದವರೂ ಮುಗ್ಗರಿಸಿದರು, ಅದನ್ನು ಮುಚ್ಚಿಡಬಾರದು. 1899ರಲ್ಲಿ ಮಳೆ ಬರುತ್ತದೆಂದು ಪತ್ರಿಕೆಗಳು ಡಂಗುರ ಹೊಡೆದವು. ಜನ ಚಳಿಯಲ್ಲಿ ಕಾದರು. ಬರಲಿಲ್ಲ. ಖಗೋಳಶಾಸ್ತ್ರದ ಮಾನ ಹೋಯಿತು. ಗುರು, ಶನಿ ಗ್ರಹಗಳ ಸೆಳೆತಕ್ಕೆ ಆ ಪುಡಿಯ ಪಟ್ಟಿ ಪಕ್ಕಕ್ಕೆ ಸರಿದಿತ್ತು. ಸ್ಟೋನಿ ಮತ್ತು ಡೌನಿಂಗ್ ಎಂಬಿಬ್ಬರು ಲೆಕ್ಕ ಮಾಡಿ ಮುಂಚೆಯೇ ಎಚ್ಚರಿಸಿದ್ದರು, ಕೇಳಿದವರು ಕಡಿಮೆ. ನೋಡಿ, ಶನಿ ಗ್ರಹದ ಕಾಟ ಎಂಬುದು ನಿಜವಾಗಿ ಆದದ್ದು ಅಲ್ಲಿ, ಧೂಳಿಗೆ. ನಿಮ್ಮ ಮಗಳ ಲಗ್ನಕ್ಕಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ 1899ರ ಸುತ್ತಿನಲ್ಲಿ ಧೂಮಕೇತು ಚೆಲ್ಲಿದ ಪುಡಿಯೇ 1966ರ ನವೆಂಬರ್ 17ರಂದು ಅಮೆರಿಕದ ಪಶ್ಚಿಮದಲ್ಲಿ ಮಹಾವೃಷ್ಟಿಯಾಗಿ ಸುರಿಯಿತು, ಸುಮಾರು 20 ನಿಮಿಷ, ಸೆಕೆಂಡಿಗೆ ಹತ್ತಾರು. 1999ರಲ್ಲಿ ಮತ್ತೆ ಅದೇ ಪುಡಿ. ಆ ಹೊತ್ತಿಗೆ ಆಶರ್ ಮತ್ತು ಮೆಕ್‌ನಾಟ್ ಎಂಬ ಇಬ್ಬರು ಒಂದೊಂದು ಸುತ್ತಿನ ಪುಡಿಗೂ ಬೇರೆ ಬೇರೆ ಲೆಕ್ಕ ಇಟ್ಟು, ಹತ್ತು ನಿಮಿಷವೂ ತಪ್ಪದಂತೆ ಹೊತ್ತು ಹೇಳಿದ್ದರು. ಎಡವಿದಾಗ ಲೆಕ್ಕ ತಿದ್ದಿಕೊಂಡರು. ಪಂಚಾಂಗದವರು ಹೇಳಿದ್ದು ಸುಳ್ಳಾದಾಗ ಏನು ಮಾಡುತ್ತಾರೆ? ಶಾಂತಿ ಮಾಡಿಸಿದ್ದರಿಂದ ತಪ್ಪಿತು ಎನ್ನುತ್ತಾರೆ.

ನಮ್ಮಲ್ಲಿ ಆಕಾಶ ನೋಡಿದವರಿರಲಿಲ್ಲ ಎಂದಲ್ಲ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಉಲ್ಕೆಗೆಂದೇ ಒಂದು ಅಧ್ಯಾಯ ಬರೆದಿದ್ದಾನೆ. ಐದು ಬಗೆ ಹೇಳುತ್ತಾನೆ, ಅವುಗಳ ಆಕಾರವನ್ನೂ ಸ್ವಭಾವವನ್ನೂ ವರ್ಣಿಸುತ್ತಾನೆ. ನೋಡುವ ಕಣ್ಣು ಚುರುಕಾಗಿತ್ತು, ಅದಕ್ಕೆ ಗೌರವ ಸಲ್ಲಬೇಕು. ಆದರೆ ಅರ್ಥ ಹೇಳುವಾಗ ಉಲ್ಕೆ ಎಂದರೆ ಸ್ವರ್ಗದಲ್ಲಿ ಪುಣ್ಯ ಅನುಭವಿಸಿ ಮುಗಿಸಿದವರು ಕೆಳಗೆ ಬೀಳುವ ರೂಪ ಎನ್ನುತ್ತಾನೆ. ಆಮೇಲೆ ಅದರ ಶುಭ ಅಶುಭ ಫಲಗಳು. ಈ ಕಲ್ಪನೆಯಲ್ಲಿ ಆಕಾಶ ಒಂದು ದೊಡ್ಡ ಖಜಾನೆ. ಪುಣ್ಯ ಕಟ್ಟಿ ಮೇಲೆ ಹೋಗುವುದು, ಖರ್ಚಾದ ಮೇಲೆ ಬೀಳುವುದು.

ಬಸವಾದಿ ಶರಣರು ಈ ಲೆಕ್ಕವನ್ನೇ ಹರಿದು ಹಾಕಿದರು. ಸ್ವರ್ಗ ಮೇಲಿಲ್ಲ, ನಡೆಯಲ್ಲಿದೆ ಎಂದರು. ವಾರ, ತಿಥಿ, ನಕ್ಷತ್ರಗಳ ಹಂಗು ಬೇಡ ಎಂದರು. ಒಳ್ಳೆಯ ಕೆಲಸಕ್ಕೆ ಕೆಟ್ಟ ದಿನ ಇಲ್ಲ ಎಂಬುದು ಅವರ ನಿಲುವು. ಎಂಟುನೂರಕ್ಕೂ ಹೆಚ್ಚು ವರ್ಷದ ಹಿಂದೆ, ಧೂಮಕೇತು ಎಂದರೇನು ಎಂದು ಜಗತ್ತಿನಲ್ಲಿ ಯಾರಿಗೂ ತಿಳಿಯದ ಕಾಲದಲ್ಲಿ, ಈ ಧೈರ್ಯ ಅವರಿಗೆ ಬಂದದ್ದು ಖಗೋಳದ ಲೆಕ್ಕದಿಂದಲ್ಲ. ವಿಶ್ವದ ಕುರುಹಾದ ಇಷ್ಟಲಿಂಗ ಅಂಗೈಯಲ್ಲಿರುವಾಗ, ಆ ವಿಶ್ವವೇ ತನಗೆ ಶತ್ರುವಾಗಿ ಕಲ್ಲು ಎಸೆಯುತ್ತದೆ ಎಂದು ನಂಬುವುದು ಹೇಗೆ? ಅವರ ನಿರ್ಭಯದ ಮೂಲ ಅಲ್ಲಿದೆ ಎಂದು ನಾನು ತಿಳಿದಿದ್ದೇನೆ. ಬಲ್ಲವರು ತಿದ್ದಬಹುದು.

ಆದರೆ ನಮ್ಮ ಮನೆಗಳಲ್ಲಿ? ಕೊರಳಲ್ಲಿ ಲಿಂಗ, ಗೋಡೆಗೆ ರಾಹುಕಾಲದ ಕ್ಯಾಲೆಂಡರ್. ನನ್ನ ಸೇವೆಯ ಕಾಲದ ಒಂದು ಮಾತು. ಮೇಲ್ಗಾಲುವೆಯ ಕಾಂಕ್ರೀಟು ನಡೆದಿತ್ತು. ನಡುವೆ ಅಮಾವಾಸ್ಯೆ ತಗುಲಿತೆಂದು ಗುತ್ತಿಗೆದಾರರು ಅರ್ಧಕ್ಕೆ ನಿಲ್ಲಿಸಿ ಜನರನ್ನು ಕಳಿಸಿಬಿಟ್ಟರು. ಸಿಮೆಂಟು ಅಮಾವಾಸ್ಯೆ ಕೇಳುವುದಿಲ್ಲ. ನೀರು ಬಿದ್ದ ಮೇಲೆ ಅದರ ಹೊತ್ತಿಗೆ ಅದು ಗಟ್ಟಿಯಾಗುತ್ತದೆ. ಮರುದಿನ ಮೇಲೆ ಹಾಕಿದ್ದು ಹಳೆಯದಕ್ಕೆ ಕೂಡಲಿಲ್ಲ. ಆ ಸಂದಿನಿಂದ ವರ್ಷಗಟ್ಟಲೆ ನೀರು ಜಿನುಗಿತು. ಜಿನುಗಿದ್ದಕ್ಕೂ ಒಬ್ಬರು ಗ್ರಹದೋಷ ಎಂದರು.

1998ರ ನವೆಂಬರ್ 17ರ ಬೆಳಗಿನ ಜಾವ ನಾನು ಇಂಥದೇ ಒಂದು ಕ್ಯಾಂಪಿನಲ್ಲಿದ್ದೆ. ಆ ವರ್ಷ ಧೂಮಕೇತು ಬಂದುಹೋಗಿತ್ತು. ಸಂಖ್ಯೆ ಬಿರುಗಾಳಿಯಷ್ಟಿರಲಿಲ್ಲ, ಆದರೆ ಒಂದೊಂದೂ ಬೆಂಕಿಯುಂಡೆ. ನೆಲದ ಮೇಲೆ ನಮ್ಮ ನೆರಳು ಬೀಳುವಷ್ಟು ಬೆಳಕು, ಹೊಗೆಯ ಗೆರೆ ನಿಮಿಷಗಟ್ಟಲೆ ಉಳಿಯುತ್ತಿತ್ತು. ಕಾವಲುಗಾರ ಕಂಬಳಿ ಹೊದ್ದು ಒಳಗೆ ಹೋಗಿಬಿಟ್ಟ. ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲವೂ ಎಲ್ಲಿಂದ ಹೊರಡುತ್ತವೆ ನೋಡು ಎಂದೆ. ಹತ್ತು ನಿಮಿಷ ಕಳೆದ ಮೇಲೆ ಅವನೇ ಬೆರಳು ಮಾಡಿ ಕುಡುಗೋಲನ್ನು ತೋರಿಸಿದ. ಶಾಲೆಗೆ ಹೋಗದ ಮನುಷ್ಯ ಓಮ್‌ಸ್ಟೆಡ್ ಕಂಡದ್ದನ್ನು ತಾನೇ ಕಂಡ. ಬೆಳಗಿನವರೆಗೂ ಒಳಗೆ ಹೋಗಲಿಲ್ಲ.

ಈಗ ಟೆನೆಸಿಯ ಆ ಒಡೆಯನಿಗೆ ಬರುತ್ತೇನೆ. ಇಂಥ ಪ್ರಸಂಗ ಹೇಳಿದಾಗ ಕೆಲವರು, ನೋಡಿ, ಭಯವಿದ್ದರೆ ಮನುಷ್ಯ ಸರಿದಾರಿಗೆ ಬರುತ್ತಾನೆ, ದೇವರ ಭಯ ಬೇಕು ಎನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಅವನು ಹೇಳಿದ್ದು ಸತ್ಯ, ಸಂಶಯವಿಲ್ಲ. ಆ ಹೆಣ್ಣುಮಗಳಿಗೆ ಹೆತ್ತವರ ಸುಳಿವು ಸಿಕ್ಕಿದ್ದು ದೊಡ್ಡದು, ಆ ಮನೆತನ ಇಂದಿಗೂ ನೆನೆಯುತ್ತದೆ. ಆದರೆ ಯೋಚಿಸಿ. ಯಾರನ್ನು ಯಾರಿಗೆ ಮಾರಿದೆ ಎಂಬುದೆಲ್ಲ ಅವನಿಗೆ ನೆನಪಿತ್ತು. ಅದು ತಪ್ಪು ಎಂಬುದೂ ಗೊತ್ತಿತ್ತು, ಇಲ್ಲದಿದ್ದರೆ ತೀರ್ಪಿನ ದಿನ ಅದನ್ನೇ ಯಾಕೆ ಒಪ್ಪಿಸಬೇಕು? ತಿಳಿವಳಿಕೆಗೆ ಕೊರತೆ ಇರಲಿಲ್ಲ. ಭಯ ಅವನ ಬಾಯಿ ಬಿಡಿಸಿತು, ಕೈಯ ಸಂಕೋಲೆ ಬಿಡಿಸಲಿಲ್ಲ. ಬೆಳಕು ಹರಿದಾಗ ಭಯ ಹೋಯಿತು, ಭಯದ ಜೊತೆ ಭಕ್ತಿಯೂ ಹೋಯಿತು.

ಇದರ ಪಕ್ಕದಲ್ಲಿ ಕಲ್ಯಾಣವನ್ನು ಇಟ್ಟು ನೋಡಿ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಲಗ್ನ. ಆಕಾಶದಿಂದ ಯಾರೂ ಅವರನ್ನು ಬೆದರಿಸಿರಲಿಲ್ಲ. ಭಯ ಇದ್ದದ್ದು ನೆಲದ ಮೇಲೆ, ಅರಮನೆಯಲ್ಲಿ, ಅದೂ ಎದುರು ದಿಕ್ಕಿಗೆ ಎಳೆಯುವ ಭಯ. ಈ ಕೆಲಸ ಮಾಡಿದರೆ ಪ್ರಾಣ ಹೋಗುತ್ತದೆ ಎಂಬ ಭಯ. ಗೊತ್ತಿದ್ದೂ ಮಾಡಿದರು. ಎಳೆಹೂಟೆಯ ಶಿಕ್ಷೆ ಬಂತು, ಕಲ್ಯಾಣ ಚದುರಿತು. ಒಡೆಯನದು ನಡುರಾತ್ರಿ ನಡುಗುತ್ತಾ ಹೇಳಿದ ಸತ್ಯ. ಶರಣರದು ಹಗಲಲ್ಲಿ ನಿಂತು ನಡೆದ ಸತ್ಯ.

ಉಲ್ಕಾವೃಷ್ಟಿಯ ಆಧ್ಯಾತ್ಮಿಕ ಅರ್ಥವೇನು ಎಂದು ಪೂಜ್ಯರು ಕೇಳಿದ್ದರು. ಆಕಾಶ ಆ ರಾತ್ರಿ ಯಾರಿಗೂ ಏನೂ ಹೇಳಲಿಲ್ಲ. ಮಿಲ್ಲರನ ಜನ ಅದರಲ್ಲಿ ತಾರೀಖು ಕಂಡರು, ಊರು ಬಿಡಿಸಿಕೊಂಡವರು ಅಭಯ ಕಂಡರು, ಡಗ್ಲಾಸ್ ಬಿಡುಗಡೆ ಕಂಡ, ಒಡೆಯ ತನ್ನ ಪಾಪ ಕಂಡ. ಪ್ರತಿಯೊಬ್ಬರಿಗೂ ಕಂಡದ್ದು ಅವರ ಒಳಗಿದ್ದದ್ದು. ಇಷ್ಟಲಿಂಗದ ಮೇಲೆ ದೃಷ್ಟಿಯಿಟ್ಟು ಕೂತಾಗಲೂ ಮೊದಮೊದಲು ಕಾಣುವುದು ನಮ್ಮದೇ ಕಸ ಎಂದು ಸಾಧಕರು ಹೇಳುತ್ತಾರೆ. ಅಲ್ಲಿ ದಿನಾ ನೋಡಿಕೊಳ್ಳುವವನಿಗೆ, ಲೆಕ್ಕ ಒಪ್ಪಿಸಲು 33 ವರ್ಷಕ್ಕೊಮ್ಮೆ ಬರುವ ಬೆಂಕಿಮಳೆ ಬೇಕಾಗಲಿಕ್ಕಿಲ್ಲ.

ಒಂದು ಸ್ವಾರಸ್ಯದ ಸಂಗತಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಗುಲಾಮಗಿರಿ ರದ್ದಾಯಿತೆಂದು ಸಂವಿಧಾನದ 13ನೇ ತಿದ್ದುಪಡಿಯನ್ನು ಅಧಿಕೃತವಾಗಿ ಸಾರಿದ್ದು 1865ರ ಡಿಸೆಂಬರ್ 18ರಂದು. ಟೆಂಪಲ್ ಆ ಧೂಮಕೇತುವನ್ನು ಮೊದಲು ಕಂಡದ್ದು ಮರುದಿನ, ಡಿಸೆಂಬರ್ 19ರಂದು. 1867ರಲ್ಲಿ ಅಮೆರಿಕದ ಆಕಾಶದಲ್ಲಿ ಉಲ್ಕೆಗಳು ಮತ್ತೆ ಸುರಿದಾಗ ಅದನ್ನು ನೋಡಿದ ಕಪ್ಪು ಜನರಲ್ಲಿ ಕಾನೂನಿನ ಪ್ರಕಾರ ಒಬ್ಬನೂ ಗುಲಾಮನಾಗಿರಲಿಲ್ಲ. ಜ್ಯೋತಿಷಿಯ ಕೈಗೆ ಇದು ಸಿಕ್ಕರೆ ಒಂದು ಪುಸ್ತಕವನ್ನೇ ಬರೆದಾನು. ಕಾಕತಾಳೀಯ, ಅಷ್ಟೆ. ಆ ಬಿಡುಗಡೆಯನ್ನು ಧೂಮಕೇತು ತರಲಿಲ್ಲ. ಡಗ್ಲಾಸನಂಥವರು ಊರೂರು ತಿರುಗಿ ಮಾತಾಡಿದರು, ತಾಯಂದಿರು ರಾತ್ರೋರಾತ್ರಿ ಮಕ್ಕಳನ್ನು ಹೊತ್ತು ಓಡಿದರು, ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಸಮಯವಾಯಿತು. ವಿದ್ಯಾರ್ಥಿಗಳಿಗೆ ಎರಡು ಮಾತು. ಆ ಧೂಮಕೇತು ಮತ್ತೆ ಸೂರ್ಯನ ಬಳಿ ಬರುವುದು 2031ರಲ್ಲಿ. ಆಗ ಬಿರುಮಳೆ ಬಂದೇ ಬರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ, 1899 ನೆನಪಿರಲಿ. ಆದರೆ ತೆಳುವಾದ ಮಳೆ ಪ್ರತಿ ವರ್ಷ ಇದೆ. ಈ ನವೆಂಬರ್ 17 ಮತ್ತು 18ರ ಬೆಳಗಿನ ಜಾವ ಮೂರು ಗಂಟೆಗೆ ಏಳಿ. ಡಿಸೆಂಬರ್ 14ರ ಸುಮಾರಿಗೆ ಮಿಥುನ ರಾಶಿಯಿಂದ ಹೊರಡುವ ಉಲ್ಕೆಗಳು ಇನ್ನೂ ಹೆಚ್ಚು ಕಾಣುತ್ತವೆ, ಅದಕ್ಕೆ ಅಷ್ಟು ಹೊತ್ತು ನಿದ್ದೆ ಕೆಡಬೇಕಾಗಿಯೂ ಇಲ್ಲ. ದುರ್ಬೀನು ಬೇಡ. ಒಂದು ಚಾಪೆ, ಒಂದು ಕಂಬಳಿ ಸಾಕು. ಮೊಬೈಲ್ ಒಳಗಿಟ್ಟು ಬನ್ನಿ, ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಮಠದ ಹಿಂದಿನ ಬಯಲಿನ ದೀಪವನ್ನು ಆ ಹೊತ್ತಿಗೆ ಆರಿಸಲು ಪೂಜ್ಯರ ಅಪ್ಪಣೆ ಕೇಳಿದ್ದೇನೆ, ಒಪ್ಪಿದ್ದಾರೆ. ಮನೆಯಲ್ಲಿ ಅಜ್ಜಿಯರಿದ್ದರೆ ಅವರನ್ನೂ ಕರೆತನ್ನಿ. ಕಂಡ ಒಂದೊಂದು ಉಲ್ಕೆಗೂ ಹೊತ್ತು, ದಿಕ್ಕು ಬರೆದುಕೊಳ್ಳಲು ಒಂದು ನೋಟ್ ಪುಸ್ತಕ ಇರಲಿ. ಕುಡುಗೋಲು ಎಲ್ಲಿದೆ ಎಂದು ತೋರಿಸಲು ನಾನು ಎರಡೂವರೆಗೇ ಬಂದು ಕೂತಿರುತ್ತೇನೆ.